ಸಿ-ಸ್ಕ್ಯಾನ್ ಸ್ವಚ್ಛವಾಗಿದೆ, ಆದರೆ ಅಂಟು ಹಿಡಿದಿಲ್ಲ: ಕಾಂಪೋಸಿಟ್ ಜೋಡಣೆಯ ಬಲವನ್ನು ಒಡೆಯದೆ ಅಳೆಯಲು ಸಾಧ್ಯವೇ?

ಗುಣಮಟ್ಟ_ಪೀಣ್ಯ

ಎಲ್ಲರಿಗೂ ನಮಸ್ಕಾರ. ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕದಲ್ಲಿ ನಾನು ಗುಣಮಟ್ಟ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಮೊದಲೇ ಕ್ಯೂರ್ ಆಗಿರುವ (ಬಿಸಿಯಲ್ಲಿ ರಾಳ ಗಟ್ಟಿಯಾಗಿರುವ) ಕಾರ್ಬನ್ ಫೈಬರ್ ಕಾಂಪೋಸಿಟ್ (ನಾರು ಮತ್ತು ರಾಳ ಸೇರಿದ) ಹಾಳೆಯ ಮೇಲೆ, ಅದೇ ರೀತಿ ಕ್ಯೂರ್ ಆಗಿರುವ ಹ್ಯಾಟ್ ಸ್ಟಿಫ್‌ನರ್‌ಗಳನ್ನು (ಟೋಪಿಯ ಆಕಾರದ ಆಧಾರಪಟ್ಟಿಗಳನ್ನು) ಎಪಾಕ್ಸಿ ಫಿಲ್ಮ್ ಅಂಟಿನಿಂದ ಕೂರಿಸಿ, ಆಟೋಕ್ಲೇವ್‌ನಲ್ಲಿ (ಒತ್ತಡ ಹಾಕುವ ಓವನ್‌ನಲ್ಲಿ) ಎರಡನೆಯ ಬಾರಿ ಬಿಸಿ ಮಾಡುವುದು ನಮ್ಮ ವಿಧಾನ. ಪ್ರತಿ ಪ್ಯಾನೆಲ್ಲನ್ನೂ 5 ಮೆಗಾಹರ್ಟ್ಸ್ ಪ್ರೋಬ್‌ನಿಂದ ಅಲ್ಟ್ರಾಸಾನಿಕ್ ಸಿ-ಸ್ಕ್ಯಾನ್ (ಕಿವಿಗೆ ಕೇಳದ ಶಬ್ದತರಂಗದಿಂದ ಒಳಭಾಗದ ಚಿತ್ರ ತೆಗೆಯುವುದು) ಮಾಡಿಯೇ ಹೊರಗೆ ಕಳುಹಿಸುತ್ತೇವೆ.

ಇತ್ತೀಚೆಗೆ ಒಂದು ಪ್ಯಾನೆಲ್ಲನ್ನು ಪರೀಕ್ಷೆಗೆಂದೇ ಕತ್ತರಿಸಿದಾಗ, ಒಂದು ಸ್ಟಿಫ್‌ನರ್‌ನ ಪಾದವು ಬಹಳ ಕಡಿಮೆ ಬಲಕ್ಕೆ ಕಿತ್ತು ಬಂತು. ಅಂಟೆಲ್ಲವೂ ಸ್ಟಿಫ್‌ನರ್‌ನ ಕಡೆಯಲ್ಲೇ ಉಳಿದಿತ್ತು, ಹಾಳೆಯ ಮೇಲೆ ಅಂಟಿನ ಕುರುಹೂ ಇರಲಿಲ್ಲ. ಅದೇ ಜಾಗದ ಸ್ಕ್ಯಾನ್ ಚಿತ್ರವನ್ನು ಮತ್ತೆ ತೆಗೆದು ನೋಡಿದೆವು. ಎಲ್ಲಿಯೂ ಒಂದು ಕಲೆಯಿಲ್ಲ. ಸ್ಕ್ಯಾನ್ ಮಾಡಿದವರು ಎರಡನೆಯ ಹಂತದ ಪ್ರಮಾಣಪತ್ರ ಹೊಂದಿರುವ ಅನುಭವಿಗಳು, ಉಪಕರಣವೂ ಸರಿಯಾಗಿ ಕ್ಯಾಲಿಬ್ರೇಟ್ ಆಗಿದೆ. ಥರ್ಮೋಗ್ರಫಿ (ಶಾಖದ ಚಿತ್ರ) ಅಥವಾ ಶಿಯರೋಗ್ರಫಿ (ಹೊರೆ ಹೇರಿ ತೆಗೆಯುವ ಲೇಸರ್ ಚಿತ್ರ) ಯಂತ್ರವನ್ನು ಕೊಂಡರೆ ಇಂತಹ ದೋಷ ಸಿಗುತ್ತದೆಯೇ ಎಂದು ಆಡಳಿತ ಮಂಡಳಿ ಕೇಳುತ್ತಿದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಹ್ಯಾಂಗರ್_ಹಳಬ

ಯಾವ ಯಂತ್ರ ಕೊಂಡರೂ ಸಿಗುವುದಿಲ್ಲ. ನಿಮ್ಮ ದೋಷ ಇರುವುದು ಅಂಟಿಸುವ ಮೊದಲಿನ ಕೋಣೆಯಲ್ಲಿ.

ತರಂಗಮಾಪಕ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಕಾರಣವನ್ನು ವಿವರಿಸದಿದ್ದರೆ ಪ್ರಶ್ನೆ ಕೇಳಿದವರಿಗೆ ಪ್ರಯೋಜನವಿಲ್ಲ.

ಅಲ್ಟ್ರಾಸಾನಿಕ್ ತರಂಗವು ಎರಡು ವಸ್ತುಗಳ ಗಡಿಯಲ್ಲಿ ಎಷ್ಟು ಪ್ರತಿಫಲಿಸುತ್ತದೆ ಎಂಬುದನ್ನು ನಿರ್ಧರಿಸುವುದು ಆ ವಸ್ತುಗಳ ಅಕೌಸ್ಟಿಕ್ ಇಂಪಿಡೆನ್ಸ್, ಅಂದರೆ ಸಾಂದ್ರತೆ ಮತ್ತು ಶಬ್ದವೇಗಗಳ ಗುಣಲಬ್ಧ. ಕಾರ್ಬನ್ ಎಪಾಕ್ಸಿ ಹಾಳೆಯ ದಪ್ಪದ ದಿಕ್ಕಿನಲ್ಲಿ ಶಬ್ದವೇಗ ಸುಮಾರು ಸೆಕೆಂಡಿಗೆ 3,000 ಮೀಟರ್. ಅಂಟಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಇವೆರಡರ ಇಂಪಿಡೆನ್ಸ್‌ಗಳು ಹತ್ತಿರ ಹತ್ತಿರವಿರುವುದರಿಂದ ತರಂಗದ ಬಹುಪಾಲು ಗಡಿಯನ್ನು ದಾಟಿಹೋಗುತ್ತದೆ. ಗಾಳಿಯ ಇಂಪಿಡೆನ್ಸ್ ಇವಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಆದ್ದರಿಂದ ನಡುವೆ ಒಂದು ಮೈಕ್ರೋಮೀಟರ್‌ಗಿಂತ ತೆಳುವಾದ ಗಾಳಿಯ ಪದರವಿದ್ದರೂ ತರಂಗವು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗುತ್ತದೆ. ಅಂದರೆ ನಿಮ್ಮ ಉಪಕರಣದ ಸೂಕ್ಷ್ಮತೆಯಲ್ಲಿ ಕೊರತೆಯಿಲ್ಲ. ಆಟೋಕ್ಲೇವ್‌ನ ಒತ್ತಡದಲ್ಲಿ ಅಂಟು ಕರಗಿ ಹರಿದು ಹಾಳೆಯ ಮೇಲ್ಮೈಯನ್ನು ಪೂರ್ತಿಯಾಗಿ ತಬ್ಬಿಕೊಂಡಿದೆ, ಗಾಳಿಗೆ ಅಲ್ಲಿ ಜಾಗವೇ ಇಲ್ಲ, ಆದರೆ ರಾಸಾಯನಿಕ ಬಂಧ ಮಾತ್ರ ಏರ್ಪಟ್ಟಿಲ್ಲ. ಇದನ್ನೇ ಕಿಸ್ಸಿಂಗ್ ಬಾಂಡ್ ಎನ್ನುತ್ತಾರೆ.

ಇನ್ನೂ ಮೂಲಭೂತವಾದ ಕಾರಣವೊಂದಿದೆ. ಪರೀಕ್ಷೆಯ ತರಂಗವು ವಸ್ತುವಿನ ಕಣಗಳನ್ನು ಕೆಲವೇ ನ್ಯಾನೋಮೀಟರ್‌ಗಳಷ್ಟು ಅಲುಗಿಸುತ್ತದೆ. ಅಷ್ಟು ಸಣ್ಣ ಚಲನೆಯಿಂದ ನಮಗೆ ತಿಳಿಯುವುದು ಜೋಡಣೆಯ ಬಿಗಿತ ಮಾತ್ರ. ಜೋಡಣೆ ಎಷ್ಟು ಬಲಕ್ಕೆ ಹರಿಯುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಶಿಯರ್_ಚಿತ್ರ

ಇಷ್ಟು ಖಚಿತವಾಗಿ "ಯಾವ ಯಂತ್ರವೂ ಬೇಡ" ಎಂದು ಹೇಳುವುದು ಸರಿಯಲ್ಲ. ಶಿಯರೋಗ್ರಫಿಯಲ್ಲಿ ನಾವು ಕೇವಲ ನೋಡುವುದಿಲ್ಲ, ಭಾಗದ ಮೇಲೆ ಹೊರೆಯನ್ನೂ ಹೇರುತ್ತೇವೆ. ನಿರ್ವಾತದ ಹುಡ್ ಇಟ್ಟು ಗಾಳಿಯನ್ನು ಹೀರಿದಾಗ, ಕೆಳಗೆ ಅಂಟು ಬಿಟ್ಟಿರುವ ಕಡೆ ಮೇಲಿನ ಹಾಳೆ ಸ್ವಲ್ಪ ಉಬ್ಬುತ್ತದೆ, ಲೇಸರ್ ಸ್ಪೆಕಲ್ ಚಿತ್ರದಲ್ಲಿ ಆ ಉಬ್ಬಿನ ಇಳಿಜಾರು ಜೋಡಿ ಚಿಟ್ಟೆಯ ಆಕಾರದಲ್ಲಿ ಮೂಡುತ್ತದೆ. ಹನಿಕೋಂಬ್ ಸ್ಯಾಂಡ್‌ವಿಚ್ (ಎರಡು ಹಾಳೆಗಳ ನಡುವೆ ಜೇನುಗೂಡಿನಂತಹ ತಿರುಳಿರುವ) ಪ್ಯಾನೆಲ್‌ಗಳಲ್ಲಿ ಇದು ಸಿ-ಸ್ಕ್ಯಾನ್‌ಗಿಂತ ಎಷ್ಟೋ ವೇಗವಾಗಿ ಕೆಲಸ ಮಾಡುತ್ತದೆ. ಹೊರೆ ಬಿದ್ದಾಗ ದುರ್ಬಲ ಬಂಧವೂ ತೆರೆದುಕೊಳ್ಳಬೇಕಲ್ಲವೇ?

ತರಂಗಮಾಪಕ

ಹೊರೆ ಎಷ್ಟು ಎಂಬುದೇ ಮುಖ್ಯ, ಸರ್. ಪೂರ್ಣ ನಿರ್ವಾತ ಮಾಡಿದರೂ ನಿಮಗೆ ಸಿಗುವುದು ಒಂದು ವಾತಾವರಣದ ಒತ್ತಡ, ಅಂದರೆ ಸುಮಾರು 0.1 ಮೆಗಾಪ್ಯಾಸ್ಕಲ್. ಒಳ್ಳೆಯ ಎಪಾಕ್ಸಿ ಫಿಲ್ಮ್ ಅಂಟಿನ ಜೋಡಣೆ ಹತ್ತಾರು ಮೆಗಾಪ್ಯಾಸ್ಕಲ್ ಶಿಯರ್ (ಪಕ್ಕಕ್ಕೆ ಜಾರಿಸುವ ಒತ್ತಡ) ತಡೆಯುತ್ತದೆ. ಅದರ ಹತ್ತನೆಯ ಒಂದು ಭಾಗದಷ್ಟೇ ಬಲವಿರುವ ತೀರಾ ಕೆಟ್ಟ ಜೋಡಣೆ ಕೂಡ ನಿಮ್ಮ ಹುಡ್‌ನ ಕೆಳಗೆ ಅಲುಗಾಡದೆ ನಿಲ್ಲುತ್ತದೆ. ಸಂಪೂರ್ಣ ಬಿಟ್ಟುಕೊಂಡಿರುವುದನ್ನು ಶಿಯರೋಗ್ರಫಿ ಚೆನ್ನಾಗಿ ತೋರಿಸುತ್ತದೆ, ಅದರಲ್ಲಿ ನನ್ನ ತಕರಾರಿಲ್ಲ. ಇಲ್ಲಿ ಕೇಳಿರುವ ಪ್ರಶ್ನೆ ಮಾತ್ರ ಬೇರೆ.

ಶಿಯರ್_ಚಿತ್ರ

ಅಂಕಿಗಳನ್ನು ಒಪ್ಪುತ್ತೇನೆ. ಆದರೂ ಹನಿಕೋಂಬ್ ಭಾಗಗಳಿಗೆ ಶಿಯರೋಗ್ರಫಿಯನ್ನು ಕೈಬಿಡಬಾರದು ಎಂಬ ನನ್ನ ಮಾತು ಹಾಗೆಯೇ ಉಳಿಯುತ್ತದೆ.

ಹ್ಯಾಂಗರ್_ಹಳಬ

ಹನಿಕೋಂಬ್ ಮಾತು ಬಂದದ್ದರಿಂದ ಒಂದು ಪ್ರಕರಣವನ್ನು ನೆನಪಿಸಬೇಕು. 2005ರ ಮಾರ್ಚ್ 6ರಂದು ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ ಎ310 ವಿಮಾನವು ಕ್ಯೂಬಾದ ವರಾಡೆರೊದಿಂದ ಕೆನಡಾದ ಕ್ವಿಬೆಕ್‌ಗೆ ಹೊರಟು, ಹಾರಾಟದ ನಡುವೆ ತನ್ನ ರಡರ್‌ನ (ಬಾಲದಲ್ಲಿರುವ ಚುಕ್ಕಾಣಿಯ) ಬಹುಭಾಗವನ್ನು ಕಳೆದುಕೊಂಡಿತು. ವಿಮಾನವು ಸುರಕ್ಷಿತವಾಗಿ ವರಾಡೆರೊಗೆ ಮರಳಿತು. ಆ ರಡರ್ ಕಾಂಪೋಸಿಟ್ ಹಾಳೆಗಳ ನಡುವೆ ಹನಿಕೋಂಬ್ ಇಟ್ಟು ಮಾಡಿದ ಸ್ಯಾಂಡ್‌ವಿಚ್ ರಚನೆ. ಅದೇ ವರ್ಷದ ನವೆಂಬರ್‌ನಲ್ಲಿ ಫೆಡ್‌ಎಕ್ಸ್‌ನ ಎ300 ವಿಮಾನವೊಂದರ ರಡರ್ ನಿರ್ವಹಣೆಯ ವೇಳೆ ಏಟು ತಿಂದಿತು. ಅದನ್ನು ತಯಾರಕರ ಬಳಿ ಕಳುಹಿಸಿ ಬಿಡಿಸಿ ನೋಡಿದಾಗ, ಒಳಹಾಳೆಗೂ ಹನಿಕೋಂಬ್‌ಗೂ ನಡುವೆ ದೊಡ್ಡ ಪ್ರಮಾಣದಲ್ಲಿ ಅಂಟು ಬಿಟ್ಟಿದ್ದುದೂ ಅಲ್ಲಿ ಹೈಡ್ರಾಲಿಕ್ ದ್ರವದ ಅಂಶವಿದ್ದುದೂ ಕಂಡುಬಂತು. ಇಂತಹ ಡಿಸ್‌ಬಾಂಡ್ (ಅಂಟು ಬಿಟ್ಟಿರುವ ಜಾಗ) ಹಾರಾಟದಲ್ಲಿ ಹರಡಬಲ್ಲದು ಎಂಬುದೂ ಪರೀಕ್ಷೆಯಲ್ಲಿ ತಿಳಿದು, ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2006ರ ಮಾರ್ಚ್‌ನಲ್ಲಿ ತುರ್ತು ಶಿಫಾರಸು ಹೊರಡಿಸಿತು. ಇಂತಹ ರಡರ್‌ಗಳಿಗೆ ಇದ್ದ ತಪಾಸಣಾ ಕ್ರಮವು ದೋಷಗಳನ್ನು ಸಕಾಲದಲ್ಲಿ ಹಿಡಿಯಲು ಸಾಕಾಗುತ್ತಿರಲಿಲ್ಲ ಎಂಬ ಆತಂಕವನ್ನು ಕೆನಡಾದ ತನಿಖೆಯೂ ದಾಖಲಿಸಿತು.

ಈ ಪ್ರಕರಣವನ್ನು ಯಾಕೆ ಹೇಳುತ್ತೇನೆಂದರೆ, ಎತ್ತರಕ್ಕೆ ಹೋದಾಗ ಹೊರಗಿನ ಒತ್ತಡ ಇಳಿಯುತ್ತದೆ, ಹನಿಕೋಂಬ್‌ನ ಕೋಶಗಳೊಳಗೆ ಸಿಕ್ಕಿಕೊಂಡ ಗಾಳಿ ಹಾಳೆಯನ್ನು ಹೊರಕ್ಕೆ ತಳ್ಳುತ್ತದೆ, ಇಳಿದಾಗ ಮತ್ತೆ ಸಮವಾಗುತ್ತದೆ. ಪ್ರತಿ ಹಾರಾಟವೂ ಒಂದು ಸಣ್ಣ ಎಳೆತ. ಕಾರ್ಖಾನೆಯಿಂದ ಹೊರಬಂದ ದಿನ ಮಾಡಿದ ಸ್ಕ್ಯಾನ್ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಹೊಸ_ಕಲಿಕೆ

ಟ್ಯಾಪ್ ಟೆಸ್ಟ್ ಇಂದಿಗೂ ಬಳಕೆಯಲ್ಲಿದೆಯೇ? ನಮ್ಮ ಕಾಲೇಜಿನಲ್ಲಿ ಅದನ್ನು ಇತಿಹಾಸದಂತೆ ಪಾಠ ಮಾಡಿದರು.

ಹ್ಯಾಂಗರ್_ಹಳಬ

ದಿನನಿತ್ಯ ಬಳಕೆಯಲ್ಲಿದೆ ತಮ್ಮಾ, ಅದರ ಬಗ್ಗೆ ಕೀಳಾಗಿ ಯೋಚಿಸಬೇಡ. ಹಲಸಿನ ಹಣ್ಣನ್ನು ತಟ್ಟಿ ನೋಡುವವರಿಗೆ ಕಿವಿ ಪಳಗಿರುವಂತೆ, ಒಳ್ಳೆಯ ತಂತ್ರಜ್ಞರ ಕಿವಿಯೂ ಸ್ಪಷ್ಟವಾದ ನಾದಕ್ಕೂ ಮಂಕಾದ ನಾದಕ್ಕೂ ಇರುವ ಅಂತರವನ್ನು ಹಿಡಿಯುತ್ತದೆ. ತೆಳುವಾದ ಹಾಳೆಯ ಕೆಳಗೆ ಅಂಟು ಬಿಟ್ಟಿರುವುದನ್ನು ಅದು ಚೆನ್ನಾಗಿಯೇ ಕಂಡುಹಿಡಿಯುತ್ತದೆ. ಹಾಳೆ ದಪ್ಪವಾದಂತೆ ಅದರ ಶಕ್ತಿ ಕುಂದುತ್ತದೆ, ಸ್ಯಾಂಡ್‌ವಿಚ್‌ನ ಆಚೆ ಬದಿಯ ದೋಷಗಳು ಈಚೆ ಬದಿಯಿಂದ ಸಿಗುವುದಿಲ್ಲ. ಗದ್ದಲವಿರುವ ಹ್ಯಾಂಗರ್‌ನಲ್ಲಿ ಕಿವಿಯನ್ನು ಮಾತ್ರ ನಂಬಬಾರದು. ಬಡಿತದ ಅವಧಿಯನ್ನು ಅಳೆದು ಅಂಕಿಯಲ್ಲಿ ತೋರಿಸುವ ಎಲೆಕ್ಟ್ರಾನಿಕ್ ಸುತ್ತಿಗೆಗಳಿವೆ.

ಗಾಳಿಯಂತ್ರ_ಗದಗ

ನಾನು ವಿಮಾನ ಕ್ಷೇತ್ರದವನಲ್ಲ, ಗಾಳಿಯಂತ್ರಗಳ ರೆಕ್ಕೆಗಳ ತಪಾಸಣೆ ಮಾಡುತ್ತೇನೆ. ನಮ್ಮಲ್ಲಿ ಗಾಜಿನ ನಾರಿನ ಎರಡು ಅರ್ಧಗಳನ್ನು ಅಂಟಿನ ಪೇಸ್ಟ್ ಹಾಕಿ ಮುಚ್ಚುತ್ತಾರೆ. ಒಳಗಿನ ಶಿಯರ್ ವೆಬ್‌ನ (ಎರಡು ಅರ್ಧಗಳ ನಡುವಿನ ಆಧಾರ ಗೋಡೆಯ) ಮೇಲಿನ ಅಂಟು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಟಿನ ದಪ್ಪ ಕೆಲವು ಮಿಲಿಮೀಟರ್‌ಗಳಿಂದ ಹಿಡಿದು ಸೆಂಟಿಮೀಟರಿನವರೆಗೂ ಹೋಗುತ್ತದೆ. ದಪ್ಪ ಗಾಜಿನ ನಾರಿನಲ್ಲಿ ತರಂಗ ಬೇಗ ಕ್ಷೀಣಿಸುವುದರಿಂದ 5 ಮೆಗಾಹರ್ಟ್ಸ್ ನಮಗೆ ಉಪಯೋಗವಿಲ್ಲ, 1 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ನಮ್ಮ ಹೆಚ್ಚಿನ ದೋಷಗಳು ಅಂಟು ತಲುಪದೇ ಉಳಿದ ಟೊಳ್ಳುಗಳು. ಆದ್ದರಿಂದ ಅಲ್ಟ್ರಾಸಾನಿಕ್‌ನಿಂದ ಏನೂ ಸಿಗುವುದಿಲ್ಲ ಎಂಬ ಅಭಿಪ್ರಾಯ ಇಲ್ಲಿ ಬೆಳೆಯಬಾರದು. ಟೊಳ್ಳು, ಪದರ ಬೇರ್ಪಡಿಕೆ, ಅಂಟಿನ ಕೊರತೆ ಇವೆಲ್ಲಕ್ಕೂ ಅದು ಇಂದಿಗೂ ಅತ್ಯುತ್ತಮ ಸಾಧನ.

ತರಂಗಮಾಪಕ

ಖಂಡಿತ. ಜೊತೆಗೆ ಒಂದು ಎಚ್ಚರಿಕೆ: ನೀರಿನ ತೊಟ್ಟಿಯಲ್ಲೋ ನೀರಿನ ಜೆಟ್‌ನಿಂದಲೋ ಸ್ಕ್ಯಾನ್ ಮಾಡುವಾಗ ಅಂಚಿಗೆ ತೆರೆದಿರುವ ಡಿಸ್‌ಬಾಂಡ್‌ನೊಳಗೆ ನೀರು ನುಗ್ಗಿದರೆ, ಅದೇ ನೀರು ತರಂಗವನ್ನು ದಾಟಿಸಿ ನಿಜವಾದ ದೋಷವನ್ನೂ ಮರೆಮಾಡಬಹುದು. ಅಂಚುಗಳನ್ನು ಟೇಪ್‌ನಿಂದ ಮುಚ್ಚಿಯೇ ಪರೀಕ್ಷಿಸಬೇಕು.

ಪ್ರಮಾಣೀಕರಣ_ಮಿತ್ರ

ಆಡಳಿತ ಮಂಡಳಿಗೆ ಉತ್ತರ ಬರೆಯುವಾಗ ನಿಯಮಗಳು ಏನನ್ನುತ್ತವೆ ಎಂಬುದನ್ನು ಮೊದಲು ಇಡಿ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಸಣ್ಣ ವಿಮಾನಗಳಿಗಾಗಿ ರೂಪಿಸಿದ ಭಾಗ 23ರ 573ನೆಯ ವಿಧಿಯು, ಬಿಟ್ಟರೆ ವಿಮಾನವನ್ನೇ ಕಳೆದುಕೊಳ್ಳಬಹುದಾದಂತಹ ಅಂಟಿನ ಜೋಡಣೆಗಳಿಗೆ ಮೂರು ದಾರಿಗಳನ್ನು ಕೊಟ್ಟಿತ್ತು. ಅಂಟು ಗರಿಷ್ಠ ಎಷ್ಟು ದೂರದವರೆಗೆ ಬಿಟ್ಟರೂ ಭಾಗವು ಹೊರೆ ತಡೆಯಬಲ್ಲದು ಎಂಬುದನ್ನು ಲೆಕ್ಕ ಹಾಕಿ, ಅದಕ್ಕಿಂತ ಮುಂದೆ ಹರಡದಂತೆ ರಿವೆಟ್‌ನಂತಹ ವಿನ್ಯಾಸದ ತಡೆಯನ್ನು ಇಡುವುದು ಒಂದು. ತಯಾರಾದ ಪ್ರತಿಯೊಂದು ಭಾಗದ ಮೇಲೂ ನಿರ್ಣಾಯಕ ಮಿತಿ ಹೊರೆಯನ್ನು (ಬಳಕೆಯಲ್ಲಿ ನಿರೀಕ್ಷಿಸುವ ಗರಿಷ್ಠ ಹೊರೆಯನ್ನು) ಹೇರಿ ಪರೀಕ್ಷಿಸುವುದು ಇನ್ನೊಂದು. ಪ್ರತಿಯೊಂದು ಜೋಡಣೆಯ ಬಲವನ್ನೂ ಖಚಿತಪಡಿಸುವ, ಪುನರಾವರ್ತಿಸಬಹುದಾದ, ವಿಶ್ವಾಸಾರ್ಹ ವಿನಾಶರಹಿತ ತಪಾಸಣಾ ವಿಧಾನವನ್ನು ಸ್ಥಾಪಿಸುವುದು ಮೂರನೆಯದು. 2017ರಲ್ಲಿ ಭಾಗ 23 ಪೂರ್ತಿಯಾಗಿ ಮರುರಚನೆಯಾಯಿತು, ಆದರೆ ಈ ಮೂರು ದಾರಿಗಳ ಹಿಂದಿನ ತರ್ಕ ಹಳತಾಗಿಲ್ಲ. ದೊಡ್ಡ ವಿಮಾನಗಳಿಗೂ ಇದೇ ಮಟ್ಟದ ಖಾತರಿಯನ್ನು ನಿರೀಕ್ಷಿಸಲಾಗುತ್ತದೆ ಎಂದು ಎಫ್‌ಎಎ ಹೊರಡಿಸಿದ 2009ರ ಎಸಿ 20-107ಬಿ ಮಾರ್ಗದರ್ಶಿ ಹೇಳುತ್ತದೆ.

ಮೂರನೆಯ ದಾರಿಯಲ್ಲಿರುವ ಪದವನ್ನು ಗಮನಿಸಿ: "ಬಲ". ದೋಷವಿಲ್ಲ ಎಂದು ತೋರಿಸಿದರೆ ಸಾಲದು, ಬಲವಿದೆ ಎಂದು ತೋರಿಸಬೇಕು. ಹಾಗಾಗಿಯೇ ಉದ್ಯಮವು ಬಹುತೇಕ ಮೊದಲಿನ ದಾರಿಯನ್ನು ಹಿಡಿದಿದೆ, ಅಂಟಿಸಿದ ಮೇಲೂ ರಿವೆಟ್ ಹೊಡೆಯುತ್ತದೆ. ಪ್ರಮುಖ ರಚನೆಗಳ ಮೇಲೆ ಅಂಟಿಸುವ ದುರಸ್ತಿ ತೇಪೆಗಳಿಗೂ, ತೇಪೆ ಪೂರ್ತಿ ಬಿದ್ದುಹೋದರೂ ಮಿತಿ ಹೊರೆಯನ್ನು ತಡೆಯುವಷ್ಟು ಗಾತ್ರದವರೆಗೆ ಮಾತ್ರ ಅನುಮತಿಯಿದೆ.

ಲೇಸರ್_ಸಂಶೋಧಕಿ

ಮೂರನೆಯ ದಾರಿ ಪೂರ್ತಿ ಮುಚ್ಚಿದೆ ಎಂದು ಬರೆದುಬಿಡಬೇಡಿ. ಲೇಸರ್ ಬಾಂಡ್ ಇನ್‌ಸ್ಪೆಕ್ಷನ್ ಎಂಬ ವಿಧಾನದಲ್ಲಿ ಹೆಚ್ಚು ಶಕ್ತಿಯ ಲೇಸರ್ ಮಿಡಿತವನ್ನು ಮೇಲ್ಮೈಗೆ ಬಿಡುತ್ತಾರೆ. ಅದರಿಂದ ಹುಟ್ಟುವ ಒತ್ತಡದ ಅಲೆಯು ಭಾಗದ ಹಿಂಬದಿಯನ್ನು ತಲುಪಿ, ಅಲ್ಲಿಂದ ಎಳೆತದ ಅಲೆಯಾಗಿ ಪ್ರತಿಫಲಿಸಿ ಅಂಟಿನ ಗೆರೆಯನ್ನು ಕ್ಷಣಮಾತ್ರ ಎಳೆಯುತ್ತದೆ. ಲೇಸರಿನ ಶಕ್ತಿಯನ್ನು ಸರಿಯಾಗಿ ಆರಿಸಿದರೆ ಒಳ್ಳೆಯ ಬಂಧಕ್ಕೆ ಏನೂ ಆಗುವುದಿಲ್ಲ, ದುರ್ಬಲ ಬಂಧ ಅದೇ ಜಾಗದಲ್ಲಿ ಬಿಡುತ್ತದೆ, ಬಿಟ್ಟದ್ದನ್ನು ಮಾಮೂಲಿ ಅಲ್ಟ್ರಾಸಾನಿಕ್‌ನಿಂದ ನೋಡಬಹುದು. ಇದು ಒಂದು ರೀತಿಯಲ್ಲಿ ಸ್ಥಳೀಯವಾದ ಪ್ರೂಫ್ ಟೆಸ್ಟ್ (ಹೊರೆ ಹೇರಿ ಬಲ ನೋಡುವ ಪರೀಕ್ಷೆ).

ಯುರೋಪಿನಲ್ಲಿ 2010ರ ನಂತರ ನಡೆದ ಎನ್‌ಕಾಂಬ್ ಎಂಬ ಯೋಜನೆಯು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಬಿಡುಗಡೆ ಲೇಪನ, ತೇವಾಂಶ, ಹೈಡ್ರಾಲಿಕ್ ದ್ರವ, ಅತಿಯಾದ ಬಿಸಿ, ಅಂಟು ಸರಿಯಾಗಿ ಕ್ಯೂರ್ ಆಗದಿರುವುದು ಇವುಗಳಿಂದ ಉದ್ದೇಶಪೂರ್ವಕವಾಗಿ ಕೆಡಿಸಿದ ಮಾದರಿಗಳನ್ನು ಮಾಡಿ, ಹಲವು ವಿಧಾನಗಳನ್ನು ಹೋಲಿಸಿ ನೋಡಿದರು. ಅಂಟಿಸುವ ಮೊದಲು ಮೇಲ್ಮೈಯ ಸ್ವಚ್ಛತೆಯನ್ನು ಅಳೆಯುವ ವಿಧಾನಗಳನ್ನೂ ಅಂಟಿಸಿದ ನಂತರದ ವಿಧಾನಗಳಷ್ಟೇ ಮಹತ್ವದಿಂದ ಅಲ್ಲಿ ಪರಿಶೀಲಿಸಿದ್ದು ನನಗೆ ಬಹಳ ಸರಿಯೆನಿಸುತ್ತದೆ.

ಪ್ರಮಾಣೀಕರಣ_ಮಿತ್ರ

ಲೇಸರ್ ವಿಧಾನವನ್ನು ಗೌರವದಿಂದಲೇ ಪ್ರಶ್ನಿಸುತ್ತೇನೆ, ಮೇಡಂ. ಅದು ಲೇಸರ್ ಬಿದ್ದ ಬಿಂದುವಿನ ಬಲವನ್ನು ಹೇಳುತ್ತದೆ. ಒಂದು ಬಿಂದುವಿಗೂ ಮುಂದಿನದಕ್ಕೂ ನಡುವಿನ ಜಾಗದ ಗತಿಯೇನು? ಇಂದು ಬಲವಿರುವ ಬಂಧವು ಬಿಸಿ ಮತ್ತು ತೇವದಲ್ಲಿ ವರ್ಷಗಟ್ಟಲೆ ಉಳಿದ ಮೇಲೂ ಬಲವಾಗಿರುತ್ತದೆಯೇ ಎಂಬುದನ್ನು ಅದೂ ಹೇಳುವುದಿಲ್ಲ.

ಲೇಸರ್_ಸಂಶೋಧಕಿ

ಎರಡನೆಯ ಆಕ್ಷೇಪಣೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಪ್ರೂಫ್ ಟೆಸ್ಟ್‌ಗೂ ಅದೇ ಮಿತಿಯಿದೆ ಎಂಬುದನ್ನು ನೀವೂ ಒಪ್ಪಬೇಕು. ಅಲ್ಯೂಮಿನಿಯಂ ಜೋಡಣೆಗಳಲ್ಲಿ ವೆಡ್ಜ್ ಟೆಸ್ಟ್ ಅಷ್ಟು ಮುಖ್ಯವಾದದ್ದು ಈ ಕಾರಣಕ್ಕೇ. ಬೆಣೆ ಹೊಡೆದ ಮಾದರಿಯನ್ನು ಬಿಸಿ ತೇವದಲ್ಲಿಟ್ಟಾಗ ಬಿರುಕು ಎಷ್ಟು ಮುಂದುವರಿಯುತ್ತದೆ ಎಂಬುದು ಮೇಲ್ಮೈ ಸಿದ್ಧತೆಯ ಗುಣವನ್ನು ಬಯಲು ಮಾಡುತ್ತದೆ. ಲ್ಯಾಪ್ ಶಿಯರ್ (ಒಂದರ ಮೇಲೊಂದು ಅಂಟಿಸಿದ ಪಟ್ಟಿಗಳನ್ನು ಎಳೆಯುವ) ಪರೀಕ್ಷೆಯಲ್ಲಿ ಒಳ್ಳೆಯ ಅಂಕಿ ಬಂದ ಎಷ್ಟೋ ಮಾದರಿಗಳು ವೆಡ್ಜ್ ಟೆಸ್ಟ್‌ನಲ್ಲಿ ಸೋಲುತ್ತವೆ.

ಹ್ಯಾಂಗರ್_ಹಳಬ

ಅಂಟು ವರ್ಷಗಳ ನಂತರ ಕೈಕೊಡುವುದಕ್ಕೆ ಅಲೋಹಾ ಏರ್‌ಲೈನ್ಸ್‌ನ 243ನೆಯ ಹಾರಾಟವೇ ಸಾಕ್ಷಿ. 1988ರ ಏಪ್ರಿಲ್ 28ರಂದು ಹವಾಯಿಯ ಮೇಲೆ ಬೋಯಿಂಗ್ 737ರ ಛಾವಣಿಯೇ ಹಾರಿಹೋಯಿತು, ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಕೋಲ್ಡ್ ಬಾಂಡಿಂಗ್ ಮಾಡಿದ (ಕೋಣೆಯ ತಾಪಮಾನದಲ್ಲಿ ಅಂಟಿಸಿದ) ಲ್ಯಾಪ್ ಜೋಡಣೆಗಳಲ್ಲಿ ಅಂಟು ಬಿಟ್ಟು, ತೇವ ಸೇರಿ ತುಕ್ಕು ಹಿಡಿದು, ಹೊರೆಯೆಲ್ಲ ರಿವೆಟ್‌ಗಳ ಮೇಲೆ ಬಿದ್ದು ಬಿರುಕುಗಳು ಬೆಳೆದಿದ್ದವು. ಅದು ಲೋಹದ ವಿಮಾನವಾದರೂ ಅಂಟಿನ ಪಾಠ ಒಂದೇ.

ಗುಣಮಟ್ಟ_ಪೀಣ್ಯ

ಎಲ್ಲರಿಗೂ ಧನ್ಯವಾದಗಳು. ಕಿತ್ತುಬಂದ ಅಂಟಿನ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಪೀಲ್ ಪ್ಲೈ (ಕ್ಯೂರ್ ಮಾಡುವಾಗ ಹಾಳೆಯ ಮೇಲಿಟ್ಟು, ಅಂಟಿಸುವ ಮೊದಲು ಕೀಳುವ) ಬಟ್ಟೆಯ ನೇಯ್ಗೆಯ ಅಚ್ಚು ಅಂಟಿನ ಮೇಲೆ ಅಚ್ಚುಕಟ್ಟಾಗಿ, ಹೊಳಪಿನಿಂದ ಮೂಡಿದೆ. ಹಾಳೆಯ ರಾಳ ಎಲ್ಲಿಯೂ ಹರಿದಿಲ್ಲ. ದಾಸ್ತಾನಿನ ದಾಖಲೆಯ ಪ್ರಕಾರ ಆ ಪ್ಯಾನೆಲ್‌ಗೆ ಬೇರೆ ಪೂರೈಕೆದಾರರ ಪೀಲ್ ಪ್ಲೈ ಬಳಕೆಯಾಗಿದೆ. ಇದರಿಂದ ಏನನ್ನು ತಿಳಿಯಬೇಕು?

ಆಟೋಕ್ಲೇವ್_ಅನುಭವಿ

ಇದು ಪಠ್ಯಪುಸ್ತಕದಲ್ಲಿ ಹಾಕಬಹುದಾದಂತಹ ಅಡ್ಹೀಷನ್ ಫೇಲ್ಯೂರ್ (ಅಂಟು ಮೇಲ್ಮೈಗೆ ಹಿಡಿಯದಿರುವುದು). ಅಂಟು ನೇಯ್ಗೆಯ ತಗ್ಗುಗಳಿಗೆಲ್ಲ ಹರಿದು ತುಂಬಿದೆ, ಅಂದರೆ ಬಿಸಿಯೂ ಒತ್ತಡವೂ ಸರಿಯಾಗಿಯೇ ಇದ್ದವು. ಹಾಳೆಯ ಮೇಲ್ಮೈ ಮಾತ್ರ ಅಂಟನ್ನು ಸ್ವೀಕರಿಸಲಿಲ್ಲ. ಎಸಿ 20-107ಬಿ ಈ ಬಗೆಯ ವೈಫಲ್ಯವನ್ನು ಯಾವ ಪರೀಕ್ಷೆಯಲ್ಲಿಯೂ ಒಪ್ಪಲಾಗದು ಎಂದೇ ಹೇಳುತ್ತದೆ. ಮುರಿದ ಬಲದ ಅಂಕಿ ಎಷ್ಟೇ ಹೆಚ್ಚಿರಲಿ, ಮುರಿದ ಬಗೆ ತಪ್ಪಾಗಿದ್ದರೆ ಮಾದರಿ ಸೋತಂತೆಯೇ.

ಹೊಸ ಬಟ್ಟೆಯ ಮಾಹಿತಿ ಪತ್ರವನ್ನು ತರಿಸಿ ನೋಡಿ. ಸುಲಭವಾಗಿ ಕೀಳಲೆಂದು ಸಿಲಿಕೋನ್ ಅಥವಾ ಟೆಫ್ಲಾನ್ ಲೇಪಿಸಿದ ಬಟ್ಟೆಗಳೂ ನೋಡಲು ಪೀಲ್ ಪ್ಲೈಯಂತೆಯೇ ಇರುತ್ತವೆ; ಅವು ಆ ಲೇಪನದ ಅಂಶವನ್ನು ಹಾಳೆಯ ಮೇಲೆ ಬಿಟ್ಟುಹೋಗಬಲ್ಲವು. ಲೇಪನವಿಲ್ಲದ ಬಟ್ಟೆಯಾದರೂ, ಅದರ ನಾರಿಗೂ ರಾಳಕ್ಕೂ ಅಂಟಿಗೂ ಹೊಂದಾಣಿಕೆಯಿದೆ ಎಂದು ಪರೀಕ್ಷಿಸಿ ಅರ್ಹಗೊಳಿಸದೆ ಬದಲಾಯಿಸಬಾರದು. ಪೀಲ್ ಪ್ಲೈ ಕಿತ್ತ ಕೂಡಲೇ ನೇರವಾಗಿ ಅಂಟಿಸಬಹುದು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕಿತ್ತ ಮೇಲೆ ಹಗುರವಾಗಿ ಗ್ರಿಟ್ ಬ್ಲಾಸ್ಟ್ ಮಾಡಬೇಕು (ಗಟ್ಟಿ ಕಣಗಳನ್ನು ಚಿಮ್ಮಿಸಿ ಉಜ್ಜಬೇಕು) ಅಥವಾ ಪ್ಲಾಸ್ಮಾ (ವಿದ್ಯುದಾವಿಷ್ಟ ಅನಿಲ) ಹಾಯಿಸಬೇಕು.

ಗಾಳಿಯಂತ್ರ_ಗದಗ

ಗ್ರಿಟ್ ಬ್ಲಾಸ್ಟ್ ಮಾಡುವವರ ಕೈ ಭಾರವಾದರೆ ನಾರೇ ಕತ್ತರಿಸಿಹೋಗುತ್ತದೆಯಲ್ಲ?

ಆಟೋಕ್ಲೇವ್_ಅನುಭವಿ

ಹೋಗುತ್ತದೆ. ಆದ್ದರಿಂದ ಒತ್ತಡ, ದೂರ, ಕಣದ ಗಾತ್ರ ಎಲ್ಲವನ್ನೂ ಬರೆದಿಡಬೇಕು, ಸಾಧ್ಯವಿದ್ದಲ್ಲಿ ಯಂತ್ರದಿಂದಲೇ ಮಾಡಿಸಬೇಕು. ಸಿಲಿಕೋನ್ ಇರುವ ಮೇಲ್ಮೈಯನ್ನು ಬ್ಲಾಸ್ಟ್ ಮಾಡಿದರೆ ಅದು ಎಲ್ಲ ಕಡೆ ಹರಡುವ ಅಪಾಯವೂ ಇದೆ, ಹಾಗಾಗಿ ಮೊದಲು ಬಟ್ಟೆಯ ವಿಚಾರ ಇತ್ಯರ್ಥವಾಗಲಿ.

ಹೊಸ_ಕಲಿಕೆ

ಕ್ಯಾಲಿಬ್ರೇಷನ್ ಪ್ಯಾನೆಲ್‌ನಲ್ಲಿ ಟೆಫ್ಲಾನ್ ತುಣುಕು ಇಟ್ಟು ದೋಷವನ್ನು ಅನುಕರಿಸುತ್ತಾರಲ್ಲ, ಅದು ಕಿಸ್ಸಿಂಗ್ ಬಾಂಡ್‌ಗೆ ಸಮಾನವಲ್ಲವೇ?

ತರಂಗಮಾಪಕ

ಅಲ್ಲ. ಟೆಫ್ಲಾನ್ ತುಣುಕಿಗೆ ದಪ್ಪವಿದೆ, ಅದರ ಸುತ್ತ ಸಾಮಾನ್ಯವಾಗಿ ಗಾಳಿಯೂ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅದು ಸುಲಭವಾಗಿ ಕಾಣುತ್ತದೆ. ತೊಂಬತ್ತು ಶೇಕಡಾ ಪತ್ತೆಯ ಸಂಭವನೀಯತೆ, ತೊಂಬತ್ತೈದು ಶೇಕಡಾ ವಿಶ್ವಾಸ ಎಂದು ನಾವು ವರದಿಯಲ್ಲಿ ಬರೆಯುವ ಅಂಕಿಗಳು ಆ ಬಗೆಯ ಕೃತಕ ದೋಷಕ್ಕೆ ಮಾತ್ರ ಸಲ್ಲುತ್ತವೆ. ಅದನ್ನು ದುರ್ಬಲ ಬಂಧಕ್ಕೂ ಅನ್ವಯಿಸಿ ಓದುವುದು ಅಪಾಯಕಾರಿ.

ಹಾಗೆಂದು ಹೊರಗಿನ ವಸ್ತು ಯಾವಾಗಲೂ ಸಿಕ್ಕೇ ಸಿಗುತ್ತದೆ ಎಂದೂ ಇಲ್ಲ. ನಾಸಾದ ಎಕ್ಸ್-33 ಪ್ರಾಯೋಗಿಕ ಅಂತರಿಕ್ಷ ವಾಹನ ಯೋಜನೆಯ ಕಾಂಪೋಸಿಟ್ ದ್ರವ ಜಲಜನಕ ತೊಟ್ಟಿ 1999ರ ನವೆಂಬರ್‌ನಲ್ಲಿ ಪರೀಕ್ಷೆಯ ವೇಳೆ ವಿಫಲವಾಯಿತು. ಹೊರಹಾಳೆ ಹನಿಕೋಂಬ್‌ನಿಂದ ಕಿತ್ತುಬಂದಿತ್ತು. ಒಳಹಾಳೆಯ ಸೂಕ್ಷ್ಮ ಬಿರುಕುಗಳಿಂದ ಜಲಜನಕ ತಿರುಳಿನೊಳಗೆ ನುಸುಳಿದ್ದು ಕಾರಣಗಳಲ್ಲಿ ಮುಖ್ಯವಾದದ್ದು. ಅಂಟಿನ ಗೆರೆಯ ಬಲ ನಿರೀಕ್ಷೆಗಿಂತ ಕಡಿಮೆಯಿದ್ದುದನ್ನೂ ಅಲ್ಲಿ ಒಂದು ಟೆಫ್ಲಾನ್ ಟೇಪ್ ತುಣುಕು ಉಳಿದುಹೋಗಿದ್ದುದನ್ನೂ ತನಿಖೆ ದಾಖಲಿಸಿತು.

ಆಟೋಕ್ಲೇವ್_ಅನುಭವಿ

ಬೆಂಗಳೂರಿನಲ್ಲಿದ್ದುಕೊಂಡು ನಾವು ಇನ್ನೊಂದು ದಾರಿಯನ್ನು ಮರೆಯಬಾರದು: ಅಂಟಿಸುವ ಹಂತವನ್ನೇ ಕಡಿಮೆ ಮಾಡುವುದು. ತೇಜಸ್ ವಿಮಾನದ ತೂಕದಲ್ಲಿ ಸುಮಾರು 45 ಶೇಕಡಾ ಕಾಂಪೋಸಿಟ್. ಅದರ ಫಿನ್‌ನಂತಹ (ಬಾಲದ ಲಂಬ ರೆಕ್ಕೆಯಂತಹ) ಭಾಗಗಳಿಗೆ ಇಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಕೋ-ಕ್ಯೂರಿಂಗ್ ತಂತ್ರವನ್ನು ಬೆಳೆಸಿತು. ಹಾಳೆಯನ್ನೂ ಒಳಗಿನ ಆಧಾರಗಳನ್ನೂ ಹಸಿಯಾಗಿರುವಾಗಲೇ ಸೇರಿಸಿ ಒಟ್ಟಿಗೆ ಕ್ಯೂರ್ ಮಾಡಿದರೆ, ಗಟ್ಟಿಯಾದ ಮೇಲ್ಮೈಯನ್ನು ಸ್ವಚ್ಛಗೊಳಿಸುವ ಪ್ರಶ್ನೆಯೇ ಏಳುವುದಿಲ್ಲ.

ಪ್ರಮಾಣೀಕರಣ_ಮಿತ್ರ

ಕೋ-ಕ್ಯೂರಿಂಗ್‌ಗೆ ಬೇಕಾದ ಅಚ್ಚುಗಳು ಬಹಳ ಜಟಿಲ, ಕೊನೆಯಲ್ಲಿ ಒಂದು ಮೂಲೆ ಕೆಟ್ಟರೂ ಇಡೀ ಭಾಗವೇ ತಿರಸ್ಕಾರವಾಗುತ್ತದೆ. ಸಣ್ಣ ಘಟಕಕ್ಕೆ ಇದು ಸುಲಭದ ಸಲಹೆಯಲ್ಲ.

ಆಟೋಕ್ಲೇವ್_ಅನುಭವಿ

ಸುಲಭ ಎಂದು ನಾನು ಹೇಳಲಿಲ್ಲ. ಹೊಸ ಭಾಗದ ವಿನ್ಯಾಸ ನಡೆಯುವಾಗಲೇ ಈ ಪ್ರಶ್ನೆಯನ್ನು ಕೇಳಬೇಕು ಎಂಬುದಷ್ಟೇ ನನ್ನ ವಾದ.

ಗುಣಮಟ್ಟ_ಪೀಣ್ಯ

ಬಟ್ಟೆಯ ಮಾಹಿತಿ ಪತ್ರ ಬಂತು, ಅದರಲ್ಲಿ ಬಿಡುಗಡೆ ಲೇಪನದ ಉಲ್ಲೇಖ ಸ್ಪಷ್ಟವಾಗಿದೆ. ಆ ದಾಸ್ತಾನನ್ನು ಬಳಸಿದ ಎಲ್ಲ ಪ್ಯಾನೆಲ್‌ಗಳನ್ನೂ ತಡೆಹಿಡಿದಿದ್ದೇವೆ. ಯಂತ್ರ ಕೊಳ್ಳುವ ಪ್ರಸ್ತಾವವನ್ನು ಸದ್ಯಕ್ಕೆ ಬದಿಗಿಟ್ಟು, ಅಂಟಿಸುವ ಮೊದಲಿನ ಮೇಲ್ಮೈ ಪರೀಕ್ಷೆಯನ್ನು ಕಡ್ಡಾಯಗೊಳಿಸಲು ಬರೆಯುತ್ತಿದ್ದೇನೆ. ವಾಟರ್ ಬ್ರೇಕ್ ಟೆಸ್ಟ್ (ಮೇಲ್ಮೈಯಲ್ಲಿ ನೀರು ಒಡೆಯದೆ ಹರಡುತ್ತದೆಯೇ ಎಂದು ನೋಡುವುದು) ಒಂದೇ ಸಾಕೇ?

ಲೇಸರ್_ಸಂಶೋಧಕಿ

ಸಾಲದು. ಸಿಲಿಕೋನ್ ಇದ್ದರೆ ನೀರಿನ ಪದರ ಒಡೆದು ಹನಿಗಟ್ಟುತ್ತದೆ, ಅದನ್ನು ಕಣ್ಣಿನಿಂದಲೇ ಕಾಣಬಹುದು. ನೀರನ್ನು ಒಲ್ಲೆನ್ನದ ಕಲ್ಮಶಗಳೂ ಇವೆ, ಅವು ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ಸಂಪರ್ಕ ಕೋನವನ್ನು (ನೀರಿನ ಹನಿ ಮೇಲ್ಮೈಯೊಂದಿಗೆ ಮಾಡುವ ಕೋನವನ್ನು) ಅಂಕಿಯಲ್ಲಿ ಅಳೆಯುವ ಕೈಯುಪಕರಣವನ್ನೂ, ಸಾಧ್ಯವಾದರೆ ಕೈಯಲ್ಲಿ ಹಿಡಿಯುವ ಎಫ್‌ಟಿಐಆರ್ (ಅವಕೆಂಪು ಬೆಳಕಿನಿಂದ ರಾಸಾಯನಿಕವನ್ನು ಗುರುತಿಸುವ ಉಪಕರಣ) ಅನ್ನೂ ಸೇರಿಸಿಕೊಳ್ಳಿ. ಅದೇ ಹಾಳೆ, ಅದೇ ಪೀಲ್ ಪ್ಲೈ, ಅದೇ ಆಟೋಕ್ಲೇವ್ ಸುತ್ತಿನಲ್ಲಿ ಮಾಡಿದ ಸಾಕ್ಷಿ ಮಾದರಿಗಳನ್ನು ಡಬಲ್ ಕ್ಯಾಂಟಿಲಿವರ್ ಬೀಮ್ ರೀತಿಯಲ್ಲಿ (ಒಂದು ತುದಿಯಿಂದ ಎರಡೂ ಪದರಗಳನ್ನು ಎಳೆದು) ಸೀಳಿ, ಸೀಳಿದ ಮೇಲ್ಮೈಯನ್ನು ಪ್ರತಿ ಬಾರಿಯೂ ನೋಡಿ ದಾಖಲಿಸಿ.

ಆಟೋಕ್ಲೇವ್_ಅನುಭವಿ

ನೀರು ಬಳಸಿದ ಮೇಲೆ ಹಾಳೆಯನ್ನು ಓವನ್‌ನಲ್ಲಿ ಪೂರ್ತಿ ಒಣಗಿಸಿಯೇ ಅಂಟಿಸಬೇಕು, ಇಲ್ಲದಿದ್ದರೆ ಹೀರಿಕೊಂಡ ತೇವ ಕ್ಯೂರ್ ಆಗುವಾಗ ಹೊರಬಂದು ಅಂಟಿನಲ್ಲಿ ರಂಧ್ರಗಳನ್ನು ಮಾಡುತ್ತದೆ. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿಟ್ಟ ಫಿಲ್ಮ್ ಅಂಟಿನ ಸುರುಳಿಯನ್ನೂ, ಕೋಣೆಯ ತಾಪಮಾನಕ್ಕೆ ಪೂರ್ತಿಯಾಗಿ ಬರುವ ತನಕ ಅದರ ಚೀಲದಿಂದ ತೆಗೆಯಲು ಬಿಡಬೇಡಿ. ಮಳೆಗಾಲದಲ್ಲಿ ತೆರೆದ ಕೂಡಲೇ ಅದರ ಮೇಲೆ ನೀರು ಕೂರುತ್ತದೆ. ಈ ಎರಡನ್ನೂ ಅದೇ ಕಡ್ಡಾಯ ಪಟ್ಟಿಯಲ್ಲಿ ಬರೆಯಿರಿ.